ಘಾನಾದಲ್ಲಿ ಒಡೆದ ಬಾಟಲಿಯಿಂದ ಮಣಿ ಮಾಡುವುದನ್ನು ಕಲಿಸುತ್ತಾರಂತೆ. ಹೋಗಿ ಬಂದವರು ಯಾರಾದರೂ ಇದ್ದೀರಾ?

ಬಿಟ್ಟಂಗಾಲದ ಅತ್ತೆ · ಜೂನ್ 9

ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಒಂಬತ್ತು ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಹನ್ನೊಂದು ವರ್ಷದಿಂದ ಎರಡು ಕೋಣೆಯ ಹೋಂಸ್ಟೇ. ಹಿನ್ನೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ’ ಎಂದು ಕೇಳುವವರು ಮನೆಯಲ್ಲಿರುವಂತೆ ಇಲ್ಲಿಯೂ ಇರುತ್ತಾರೆ.

ನಮ್ಮ ಹಳೆಯ ಹಂದಿಗೂಡಿನ ಹಿಂದೆ ಬಾಟಲಿಗಳ ರಾಶಿ ಇದೆ. ಎಲ್ಲ ಅತಿಥಿಗಳು ಬಿಟ್ಟುಹೋದದ್ದು. ಬಿಯರ್ ಬಾಟಲಿ ಇಡಿಯಾಗಿದ್ದರೆ ಗುಜರಿಯವನು ಒಯ್ಯುತ್ತಾನೆ. ವೈನ್ ಬಾಟಲಿ, ಬ್ರಾಂದಿ ಬಾಟಲಿ, ಒಡೆದ ಚೂರು ಯಾವುದೂ ಅವನಿಗೆ ಬೇಡ. ಮೊನ್ನೆ ಕುಳಿತು ಎಣಿಸಿದೆ, ಆರುನೂರು ದಾಟಿದ ಮೇಲೆ ಬೇಸರವಾಗಿ ಬಿಟ್ಟೆ. ರಾಶಿ ಇದ್ದಲ್ಲೇ ಇದ್ದರೆ ಸಹಿಸಬಹುದಿತ್ತು. ಕೆಲವರು ರಾತ್ರಿ ಹೊತ್ತು ತೋಟದೊಳಕ್ಕೂ ಎಸೆಯುತ್ತಾರೆ. ಹೋದ ವರ್ಷ ಕಳೆ ತೆಗೆಯುವಾಗ ನಮ್ಮ ಲೈನ್‌ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ ಹೆಂಗಸೊಬ್ಬಳ ಅಂಗಾಲಿಗೆ ಬಾಟಲಿಯ ತಳ ಹೊಕ್ಕು ಏಳು ಹೊಲಿಗೆ ಬಿತ್ತು. ಅಂದಿನಿಂದ ಆ ರಾಶಿಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಕೋಪ ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ದುಡ್ಡು ತೆಗೆದುಕೊಂಡವಳು ನಾನೇ ತಾನೆ.

ಮಗಳು, ಅಳಿಯ ಘಾನಾದ ಅಕ್ರಾದಲ್ಲಿದ್ದಾರೆ. ಆಗಸ್ಟ್‌ನಲ್ಲಿ ಮೂರು ವಾರ ಬರಬೇಕೆಂದು ಹಟ ಹಿಡಿದಿದ್ದಾರೆ. ಮಳೆಗಾಲದಲ್ಲಿ ಅತಿಥಿಗಳೂ ಕಡಿಮೆ, ಹೋಗಬಹುದು. ಆದರೆ ನಮ್ಮ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ, ಅಂದರೆ ಸೆಪ್ಟೆಂಬರ್ 3ಕ್ಕೆ ಮೊದಲು ನಾನು ಮನೆಯಲ್ಲಿರಲೇಬೇಕು. ಅಕ್ರಾದಿಂದ ಎರಡು ಗಂಟೆ ದೂರದ ಒಡುಮಾಸೆ ಕ್ರೋಬೊ ಎಂಬ ಊರಿನಲ್ಲಿ ಬಾಟಲಿ ಪುಡಿ ಮಾಡಿ, ಕುಲುಮೆಯಲ್ಲಿ ಸುಟ್ಟು ಮಣಿ ಮಾಡುತ್ತಾರಂತೆ. ಹೊರಗಿನವರಿಗೂ ಕಲಿಸುತ್ತಾರಂತೆ. ಮಗಳು ಕಳಿಸಿದ ಚಿತ್ರದಲ್ಲಿ ಒಂದು ಹಸಿರು ಮಣಿ ಇತ್ತು. ನೋಡಿದ ಕೂಡಲೇ ಇದು ನಮ್ಮ ಹಂದಿಗೂಡಿನ ಹಿಂದಿನ ಹಸಿರೇ ಅನ್ನಿಸಿತು.

ಕೇಳಬೇಕಾದದ್ದು ಇಷ್ಟು. ಎರಡು ಗಂಟೆಯ ಕಾರ್ಯಾಗಾರವೊಂದು, ಇಡೀ ದಿನದ್ದೊಂದು ಇದೆಯಂತೆ. ಯಾವುದಕ್ಕೆ ಹೋಗಲಿ? ನನ್ನ ಇಂಗ್ಲಿಷ್ ಅತಿಥಿಗಳಿಗೆ ಬಿಸಿನೀರು ಎಲ್ಲಿದೆ ಎಂದು ಹೇಳುವಷ್ಟೇ, ಸಾಕಾಗುತ್ತದೆಯೇ? ಮೊಣಕಾಲು ನೋವು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ. ಚುಚ್ಚುಮದ್ದು ಏನೋ ಬೇಕಂತೆ. ಕೊನೆಯದಾಗಿ, ಕಲಿತು ಬಂದರೆ ಇಲ್ಲಿ ನಮ್ಮ ಬಾಟಲಿಗಳಿಂದ ಮಾಡಲು ಸಾಧ್ಯವೇ? ನನಗೆ ಐವತ್ತೆಂಟು. ನಮ್ಮವರಿಗೆ ಅರವತ್ತಾರು, ಅವರೂ ಬರುತ್ತೇನೆ ಎನ್ನುತ್ತಿದ್ದಾರೆ.

ಮಡಿಕೇರಿ ಮಂಜು · ಜೂನ್ 9

ಚುಚ್ಚುಮದ್ದಿನ ವಿಷಯ ಮಾತ್ರ ನನಗೆ ಗೊತ್ತು, ಅದನ್ನು ಹೇಳಿಬಿಡುತ್ತೇನೆ. ಹಳದಿ ಜ್ವರದ ಲಸಿಕೆ ಇಲ್ಲದೆ ಘಾನಾದೊಳಗೆ ಬಿಡುವುದಿಲ್ಲ. ಅಲ್ಲಿಂದ ಮರಳುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಆ ಲಸಿಕೆಯ ಪ್ರಮಾಣಪತ್ರದ ಹಳದಿ ಪುಸ್ತಕ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಕೂರಿಸುತ್ತಾರೆ. ನಿಮ್ಮ ಕೈಲ್ ಮುಹೂರ್ತ ಅಲ್ಲೇ ಮುಗಿಯುತ್ತದೆ.

ಮಡಿಕೇರಿಯಲ್ಲಿ ಹಾಕುವುದಿಲ್ಲ, ಅಧಿಕೃತ ಕೇಂದ್ರಕ್ಕೇ ಹೋಗಬೇಕು. ನಾನು ಬೆಂಗಳೂರಿಗೆ ಹೋಗಿದ್ದೆ. ವಾರದಲ್ಲಿ ಕೆಲವು ದಿನ ಮಾತ್ರ ಹಾಕುತ್ತಾರೆ, ಮುಂಚೆ ಹೆಸರು ಬರೆಸಬೇಕು. ಪಾಸ್‌ಪೋರ್ಟ್ ಮರೆತು ಹೋದರೆ ಬರಿಗೈಯಲ್ಲಿ ವಾಪಸ್, ನನಗೆ ಆದದ್ದು ಅದೇ. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ, 2016ರಿಂದ ಹಾಗೆ ನಿಯಮ.

ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವ ಮೊದಲು ವೈದ್ಯರು ಯೋಚಿಸುತ್ತಾರೆ. ಮೊಟ್ಟೆ ಒಗ್ಗದವರಿಗೂ ಹಾಗೆಯೇ. ಆದ್ದರಿಂದ ಮಾವನವರ ಟಿಕೆಟ್ ತೆಗೆಯುವ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಮಲೇರಿಯಾ ಅಲ್ಲಿ ವರ್ಷವಿಡೀ ಇರುತ್ತದೆ, ಮಾತ್ರೆಯ ಬಗ್ಗೆಯೂ ಅವರನ್ನೇ ಕೇಳಿ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸೋಮವಾರಪೇಟೆ · ಜೂನ್ 10

ಅತ್ತೆಯವರೇ, ನಾನು ಹೋಗಿದ್ದೇನೆ. ಒಂದಲ್ಲ, ಎರಡು ಸಲ. ಮೊದಲ ಸಲ ಮೋಸಹೋದೆ, ಮೋಸ ಮಾಡಿದವರು ಯಾರೂ ಇರಲಿಲ್ಲ ಅಷ್ಟೆ.

ಅಣ್ಣನ ಮಗ ಅಲ್ಲಿನ ಬಂದರಿನಲ್ಲಿ ಕೆಲಸಕ್ಕಿದ್ದಾಗ ಹೋದದ್ದು. ಎರಡು ಗಂಟೆಯ ಕಾರ್ಯಾಗಾರಕ್ಕೆ ಹೆಸರು ಬರೆಸಿದೆ. ಹೋಗಿ ಕುಳಿತ ಕೂಡಲೇ ಮೊದಲೇ ಸುಟ್ಟ ಬಿಳಿ ಮಣಿಗಳನ್ನು ಕೈಗೆ ಕೊಟ್ಟರು. ನೀರಿನಲ್ಲಿ ಕಲಸಿದ ಬಣ್ಣದ ಗಾಜಿನ ಪುಡಿ, ಒಂದು ಸೂಜಿ. ಮಣಿಯ ಮೇಲೆ ಗೆರೆ, ಚುಕ್ಕೆ ಎಳೆಯಬೇಕು. ಮೂವತ್ತಮೂರು ವರ್ಷ ಮಕ್ಕಳಿಗೆ ಗೆರೆ ಎಳೆಯುವುದನ್ನು ಕಲಿಸಿದವನಿಗೆ ಅದರಲ್ಲಿ ಹೊಸದೇನಿತ್ತು? ಅವರು ಮತ್ತೊಮ್ಮೆ ಸುಟ್ಟು ಕೊಟ್ಟರು, ದಾರದಲ್ಲಿ ಪೋಣಿಸಿಕೊಂಡು ಬಂದೆ. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ನನಗೆ ಮಾತ್ರ ಅಂಗಡಿಯಿಂದ ಹಿಟ್ಟು ತಂದು ರೊಟ್ಟಿಗೆ ಎಳ್ಳು ಹಚ್ಚಿ ಕೊಟ್ಟಂತಾಯಿತು.

ಮರುವಾರ ಇಡೀ ದಿನಕ್ಕೆ ಹೋದೆ. ಬಣ್ಣ ಬೇಡ, ಕುಟ್ಟುವ ಕೆಲಸ ಕೊಡಿ ಎಂದೆ. ನಕ್ಕರು. ಆದರೆ ಕೊಟ್ಟರು.

ಬಾಟಲಿಯನ್ನು ತೊಳೆದು, ಚೀಟಿ ಕಿತ್ತು, ದಪ್ಪ ಕಬ್ಬಿಣದ ಒರಳಿನಲ್ಲಿ ಹಾಕಿ ಭಾರದ ಕಬ್ಬಿಣದ ಹಾರೆಯಿಂದ ಕುಟ್ಟುತ್ತಾರೆ. ಮೊದಲು ಚೂರಾಗುವ ಸದ್ದು ಕಿವಿಗೆ ಚುಚ್ಚುತ್ತದೆ. ಕಾಲು ಗಂಟೆ ಕಳೆದ ಮೇಲೆ ಸದ್ದು ಮೆತ್ತಗಾಗಿ, ಅಕ್ಕಿ ಕುಟ್ಟಿದ ಹಾಗೆ ಕೇಳಿಸುತ್ತದೆ. ಆಗ ಜರಡಿ ಹಿಡಿಯಬೇಕು. ಕೆಳಗೆ ಬಿದ್ದ ಪುಡಿಗೆ ಬಣ್ಣವೇ ಇರುವುದಿಲ್ಲ, ಹಸಿರು ಬಾಟಲಿಯಾದರೂ ಬೂದಿಗೆ ಹತ್ತಿರದ ಬಿಳುಪು. ಹಸಿರು ಎಲ್ಲಿ ಹೋಯಿತು ಎಂದು ಕೇಳಿದೆ. ಕುಲುಮೆ ವಾಪಸ್ ಕೊಡುತ್ತದೆ ಎಂದರು.

ಅಚ್ಚು ನೋಡಿದರೆ ನಿಮಗೆ ಪಡ್ಡಿನ ಹಂಚು ನೆನಪಾಗುತ್ತದೆ. ಸುಟ್ಟ ಮಣ್ಣಿನ ಬಿಲ್ಲೆ, ಅದರ ತುಂಬ ಸಣ್ಣ ಗುಳಿಗಳು. ಪಡ್ಡು ಅಂಟದಿರಲು ನಾವು ಎಣ್ಣೆ ಸವರುತ್ತೇವೆ, ಅವರು ಬಿಳಿ ಜೇಡಿಮಣ್ಣಿನ ನೀರು ಸವರುತ್ತಾರೆ. ಪ್ರತಿ ಗುಳಿಯ ನಡುವೆ ಮರಗೆಣಸಿನ ಎಲೆಯ ದೇಟನ್ನು ಕತ್ತರಿಸಿ ನಿಲ್ಲಿಸಬೇಕು. ಸುತ್ತ ಪುಡಿ ತುಂಬಬೇಕು. ಕುಲುಮೆಯಲ್ಲಿ ಗಾಜು ಕೂಡಿಕೊಳ್ಳುವ ಹೊತ್ತಿಗೆ ದೇಟು ಸುಟ್ಟು ಬೂದಿಯಾಗಿರುತ್ತದೆ, ಅದಿದ್ದ ಜಾಗವೇ ಮಣಿಯ ತೂತು. ಮರಗೆಣಸನ್ನು ನಾವು ಬೇಯಿಸಿ ಮೀನಿನ ಸಾರಿನ ಜೊತೆ ತಿಂದಿದ್ದೇವೆ, ಹಂದಿಗಳಿಗೂ ಹಾಕಿದ್ದೇವೆ. ಅದರ ದೇಟಿನಿಂದ ಇಂಥ ಕೆಲಸವಾಗುತ್ತದೆ ಎಂದು ಯಾರಿಗೆ ಹೊಳೆದಿತ್ತು?

ಇನ್ನೊಂದು ಬಗೆ ಇದೆ. ಪುಡಿ ಮಾಡದೆ ಕಾಳಿನ ಗಾತ್ರದ ಚೂರುಗಳನ್ನೇ ಗುಳಿಗೆ ಹಾಕುವುದು. ಅದು ಬೆಳಕು ಹಾಯುವ ಮಣಿ, ನಿಮ್ಮ ಮಗಳು ಕಳಿಸಿದ್ದು ಅದೇ ಇರಬೇಕು. ಅದಕ್ಕೆ ದೇಟು ಇಲ್ಲ. ಅಚ್ಚು ಕೆಂಪಗೆ ಹೊರಬಂದ ಕೂಡಲೇ ಒಂದು ಕಬ್ಬಿಣದ ಮೊನೆಯಿಂದ ತೂತು ಚುಚ್ಚಿ, ಇನ್ನೊಂದರಿಂದ ಮಣಿಯನ್ನು ತಿರುಗಿಸಿ ದುಂಡಗೆ ಮಾಡುತ್ತಾರೆ. ಹೆಚ್ಚೆಂದರೆ ಕೆಲವು ಸೆಕೆಂಡು. ನಾನು ಮಾಡಿದ್ದರಲ್ಲಿ ಒಂದೂ ದುಂಡಗಾಗಲಿಲ್ಲ, ಹುಣಸೆಬೀಜದ ಹಾಗಾದವು.

ಕುಲುಮೆಯನ್ನು ಕಟ್ಟುವುದು ಹುತ್ತದ ಮಣ್ಣಿನಿಂದ. ನನಗೆ ಒಂದು ಕ್ಷಣ ಮೈ ಜುಮ್ಮೆಂದಿತು. ನಮ್ಮಲ್ಲಿ ಹುತ್ತಕ್ಕೆ ಹಾಲೆರೆಯುತ್ತಾರೆ, ಅಲ್ಲಿ ಬೆಂಕಿ ಹಾಕುತ್ತಾರೆ. ಆ ಮಣ್ಣು ಬೆಂಕಿಗೆ ಬಿರಿಯುವುದಿಲ್ಲ ಎಂಬುದು ಅವರ ಅನುಭವ.

ನಿಮ್ಮ ಉಳಿದ ಪ್ರಶ್ನೆಗಳಿಗೆ. ಇಂಗ್ಲಿಷ್ ಅಲ್ಲಿಯ ಆಡಳಿತ ಭಾಷೆ, ಆದರೆ ಮನೆಯಲ್ಲಿ ಅವರು ಮಾತಾಡುವುದು ಡಾಂಗ್ಮೆ. ಕೈ ತೋರಿಸಿ ಕಲಿಯುವ ಕೆಲಸಕ್ಕೆ ಎರಡೂ ಬೇಕಾಗುವುದಿಲ್ಲ. ಏನನ್ನೇ ಕೊಡುವಾಗ, ತೆಗೆದುಕೊಳ್ಳುವಾಗ ಬಲಗೈ ಬಳಸಿ, ಅವರೂ ನಮ್ಮ ಹಾಗೆಯೇ ಎಡಗೈಯನ್ನು ಅವಮಾನವೆಂದು ಎಣಿಸುತ್ತಾರೆ. ಗಿಡ್ಡ ಸ್ಟೂಲ್ ಕೊಡುತ್ತಾರೆ, ಮೊಣಕಾಲಿಗೆ ತೊಂದರೆ ಆಗಲಿಕ್ಕಿಲ್ಲ. ಮೂಗು, ಬಾಯಿ ಮುಚ್ಚುವ ಒಳ್ಳೆಯ ಮಾಸ್ಕ್ ಇಲ್ಲಿಂದಲೇ ಒಯ್ಯಿರಿ. ಅವರು ಹಾಕಿಕೊಳ್ಳುವುದಿಲ್ಲ, ನೀವು ಹಾಕಿಕೊಳ್ಳಿ. ಗಾಜಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಚ್ಚಿದ ಚಪ್ಪಲಿ ಮರೆಯಬೇಡಿ.

ಬುಧವಾರ ಅಥವಾ ಶನಿವಾರ ಹೋದರೆ ಪಕ್ಕದ ಅಗೊಮಾನ್ಯಾದಲ್ಲಿ ಸಂತೆ ಇರುತ್ತದೆ. ಕೊಫೊರಿಡುವಾದ ಮಣಿಸಂತೆ ಗುರುವಾರ. ಅಲ್ಲಿ ‘ನೂರಾರು ವರ್ಷದ ಹಳೆಯ ಮಣಿ’ ಎಂದು ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ. ವೆನಿಸ್‌ನಿಂದ ಹಡಗಿನಲ್ಲಿ ಬಂದ ಹಳೆಯ ಮಣಿಗಳು ಆ ದೇಶದಲ್ಲಿ ನಿಜವಾಗಿಯೂ ಇವೆ. ನಾನು ಕೊಂಡದ್ದು ಅವಲ್ಲ. ನಿಜಕ್ಕೂ ಹಳೆಯದಾದರೆ ದೇಶದಿಂದ ಹೊರಗೆ ತರಲು ಅವರ ವಸ್ತುಸಂಗ್ರಹಾಲಯ ಮಂಡಳಿಯ ಅನುಮತಿ ಬೇಕು. ಎರಡೂ ಕಡೆಯಿಂದ ತಲೆನೋವು.

ಬಿಟ್ಟಂಗಾಲದ ಅತ್ತೆ · ಜೂನ್ 10

ಮೇಷ್ಟ್ರೇ, ಎರಡು ಸಲ ಓದಿದೆ. ನಮ್ಮವರಿಗೂ ಓದಿ ಹೇಳಿದೆ. ಹುತ್ತದ ಮಾತು ಬಂದಾಗ ಅವರು ಎದ್ದು ಹೋದರು. ಮನೆಯ ಹಿತ್ತಿಲಿನಲ್ಲಿರುವ ಹುತ್ತಕ್ಕೆ ನಾನು ಕೈ ಹಾಕುತ್ತೇನೆಂದು ಭಯವಿರಬೇಕು. ಹಾಕುವುದಿಲ್ಲ, ಬರೆದು ಕೊಡುತ್ತೇನೆ.

ಇಡೀ ದಿನಕ್ಕೇ ಹೋಗುತ್ತೇನೆ. ಆದರೆ ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇಲ್ಲಿ ಮಾಡಲು ಆಗುತ್ತದೆಯೇ? ಕಟ್ಟಿಗೆಗೆ ಬರವಿಲ್ಲ, ಪ್ರತಿವರ್ಷ ನೆರಳುಮರದ ರೆಂಬೆ ಕಡಿದದ್ದೇ ಬೇಕಾದಷ್ಟಿದೆ.

ಕುಶಾಲನಗರದ ಕುಲುಮೆ · ಜೂನ್ 11

ಇಪ್ಪತ್ತೆರಡು ವರ್ಷ ಪಿಂಗಾಣಿ ಕಾರ್ಖಾನೆಯ ಭಟ್ಟಿಯ ಮುಂದೆ ನಿಂತವನು ನಾನು. ಉತ್ಸಾಹಕ್ಕೆ ನೀರು ಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ ಅಮ್ಮ, ಲೆಕ್ಕ ಮಾತ್ರ ಹೇಳುತ್ತೇನೆ.

750 ಎಂಎಲ್‌ನ ಒಂದು ವೈನ್ ಬಾಟಲಿ ಖಾಲಿ ಇದ್ದಾಗ ಸುಮಾರು ಅರ್ಧ ಕಿಲೋ ತೂಗುತ್ತದೆ. ಕಡಲೆಕಾಳಿಗಿಂತ ದೊಡ್ಡದಾದ ಒಂದು ಮಣಿಗೆ ಎರಡೂವರೆ ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಬಾಟಲಿಗೆ ಇನ್ನೂರು ಮಣಿ. ಆರುನೂರು ಬಾಟಲಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ಮಣಿ. ಇಡೀ ವಿರಾಜಪೇಟೆ ತಾಲ್ಲೂಕಿನ ಹೆಂಗಸರಿಗೆಲ್ಲ ಒಂದೊಂದು ಮಣಿ ಹಂಚಿದರೂ ಮೂಟೆ ಉಳಿಯುತ್ತದೆ. ಅಷ್ಟರಲ್ಲಿ ನಿಮ್ಮ ಅತಿಥಿಗಳು ಇನ್ನೂ ನೂರು ಬಾಟಲಿ ಬಿಟ್ಟು ಹೋಗಿರುತ್ತಾರೆ. ಮಣಿ ಮಾಡಿ ರಾಶಿ ಕರಗಿಸುತ್ತೇನೆ ಎಂಬುದನ್ನು ಮನಸ್ಸಿನಿಂದ ತೆಗೆದುಬಿಡಿ. ರಾಶಿಗೆ ಬೇರೆ ದಾರಿ: ಅಕ್ಕಪಕ್ಕದ ಹೋಂಸ್ಟೇಗಳವರು ಸೇರಿ, ಹಸಿರು, ಕಂದು, ಬಿಳಿ ಬೇರೆಬೇರೆ ಮಾಡಿ ಒಂದು ಲಾರಿ ತುಂಬುವಷ್ಟಾದಾಗ ಒಡಕು ಗಾಜು ಕೊಳ್ಳುವ ವ್ಯಾಪಾರಿಗೆ ಒಟ್ಟಿಗೆ ಕೊಡುವುದು. ಗಾಜನ್ನು ಎಷ್ಟು ಸಲ ಕರಗಿಸಿದರೂ ಅದು ಗಾಜೇ. ಒಬ್ಬರ ಮನೆಯ ಮೂಟೆಗಾಗಿ ಯಾರೂ ಘಟ್ಟ ಹತ್ತಿ ಬರುವುದಿಲ್ಲ.

ಇನ್ನು ಮಣಿ. ಸಣ್ಣ ಪ್ರಮಾಣದಲ್ಲಿ ಖಂಡಿತ ಆಗುತ್ತದೆ. ಬಾಟಲಿ ಗಾಜಿನ ಪುಡಿ ಕೂಡಿಕೊಳ್ಳಲು 800 ಡಿಗ್ರಿಯ ಆಸುಪಾಸಿನ ಶಾಖ ಬೇಕು, ಚೆನ್ನಾಗಿ ಕಟ್ಟಿದ ಕಟ್ಟಿಗೆ ಕುಲುಮೆ ಅದನ್ನು ಕೊಡುತ್ತದೆ. ಕಷ್ಟವಿರುವುದು ಬಿಸಿ ಮಾಡುವುದರಲ್ಲಲ್ಲ, ತಣಿಸುವುದರಲ್ಲಿ. ಹೊರಗಿನ ಪದರ ಬೇಗ ತಣಿದು ಒಳಗಿನದು ಬಿಸಿಯಾಗಿಯೇ ಉಳಿದರೆ ಒಳಗೊಳಗೇ ಎಳೆತ ಹುಟ್ಟುತ್ತದೆ. ಅಂದೇ ಒಡೆಯದಿದ್ದರೆ ತಿಂಗಳ ಮೇಲೆ ಯಾರದೋ ಕೊರಳಲ್ಲಿ ಒಡೆಯುತ್ತದೆ. ಅಚ್ಚನ್ನು ಹೊರತೆಗೆದ ಮೇಲೆ ಮುಚ್ಚಿಟ್ಟು ನಿಧಾನವಾಗಿ ಆರಲು ಬಿಡಿ, ಮುಖ್ಯವಾಗಿ ನಮ್ಮ ಮಳೆಗಾಲದ ತಣ್ಣನೆಯ ಗಾಳಿಗೆ ಒಡ್ಡಬೇಡಿ.

ಒಂದು ಮಣಿಯಲ್ಲಿ ಎರಡು ಬಾಟಲಿಯ ಗಾಜು ಬೆರೆಸಬೇಡಿ. ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ, ನಡುವೆ ಬಿರುಕು. ಓವನ್‌ನಲ್ಲಿ ಇಡುವ ಗಾಜಿನ ಪಾತ್ರೆ ಒಡೆದರೆ ಅದನ್ನಂತೂ ಸೇರಿಸಲೇಬೇಡಿ, ಅದರ ಜಾತಿಯೇ ಬೇರೆ. ಒಡುಮಾಸೆಯವರು ಇದನ್ನು ಹೇಗೆ ನಿಭಾಯಿಸುತ್ತಾರೆ ಎಂದು ನೋಡಿ ಬಂದು ನನಗೂ ಹೇಳಿ.

ಕಿತ್ತಳೆ ಸಿಪ್ಪೆ · ಜೂನ್ 13

ಗಾಜಿನ ಮಣಿಗೆ ಆಫ್ರಿಕಾದವರೆಗೆ ಯಾಕೆ? ಆಂಧ್ರದಲ್ಲಿ, ತಿರುಪತಿ ಕಡೆಯ ಪಾಪನಾಯ್ಡುಪೇಟೆಯಲ್ಲಿ ಕರಗಿದ ಗಾಜನ್ನು ಉದ್ದ ಕೊಳವೆಯಾಗಿ ಎಳೆದು, ತುಂಡರಿಸಿ ಮಣಿ ಮಾಡುವ ಬಹಳ ಹಳೆಯ ಪದ್ಧತಿ ಇದೆ. ತಿಮ್ಮಪ್ಪನ ದರ್ಶನಕ್ಕೆ ಹೋಗುವವರು ಅತ್ತ ತಿರುಗಿಯೂ ನೋಡುವುದಿಲ್ಲ.

ಬಿಟ್ಟಂಗಾಲದ ಅತ್ತೆ · ಜೂನ್ 13

ಸಿಪ್ಪೆಯವರೇ, ಪಾಪನಾಯ್ಡುಪೇಟೆಯಲ್ಲಿ ನನ್ನ ಮೊಮ್ಮಗಳಿಲ್ಲ.

ಬಿಟ್ಟಂಗಾಲದ ಅತ್ತೆ · ಸೆಪ್ಟೆಂಬರ್ 8

ಹೋಗಿ ಬಂದೆ. ಮರಳಿ ಎಂಟು ದಿನವಾಯಿತು. ಹಬ್ಬದ ಗಲಾಟೆಯಲ್ಲಿ ಬರೆಯಲು ಆಗಲಿಲ್ಲ.

ನಮ್ಮವರಿಗೆ ಲಸಿಕೆ ಬೇಡವೆಂದು ವೈದ್ಯರು ಹೇಳಿದರು. ಅವರು ಮನೆಯಲ್ಲೇ ಉಳಿದರು, ಇಬ್ಬರಿಗೂ ನೆಮ್ಮದಿ. ನಾನು ಬೆಂಗಳೂರಿನಿಂದ ದುಬೈ ಮೂಲಕ ಹೋದೆ. ಮಂಜು ಅವರೇ, ಹಳದಿ ಪುಸ್ತಕವನ್ನು ಹೋಗುವಾಗ, ಬರುವಾಗ ಎರಡೂ ಸಲ ಕೇಳಿದರು.

ಆಗಸ್ಟ್‌ನಲ್ಲಿ ಅಕ್ರಾ ಸೆಕೆಯಿಂದ ಬೇಯುತ್ತದೆ ಎಂದುಕೊಂಡಿದ್ದೆ. ಮೋಡ ಕವಿದು ನಮ್ಮ ಅಕ್ಟೋಬರ್ ತಿಂಗಳ ಹಾಗಿತ್ತು. ಒಡುಮಾಸೆಗೆ ಬುಧವಾರ ಹೋದೆವು. ಮಗಳು ಸಂತೆಗೆ ಹೋದಳು, ನಾನು ಒರಳಿನ ಮುಂದೆ ಕುಳಿತೆ. ಕಲಿಸಿದಾಕೆ ನನ್ನ ವಯಸ್ಸಿನವಳೇ. ನಾನು ಹಾರೆ ಎತ್ತುವುದನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಮೊಣಕೈಯನ್ನು ಹಿಡಿದು ಮೈಗೆ ಒತ್ತಿದಳು. ತೋಳಿನಿಂದ ಕುಟ್ಟಬಾರದು, ಹಾರೆಯನ್ನು ಎತ್ತಿ ಬಿಟ್ಟುಬಿಡಬೇಕು, ಅದರ ಭಾರವೇ ಕೆಲಸ ಮಾಡುತ್ತದೆ. ನನ್ನ ಅಜ್ಜಿ ಒನಕೆಯ ಬಗ್ಗೆ ಹೇಳುತ್ತಿದ್ದದ್ದು ಇದೇ ಮಾತು. ಆಗ ಕಿವಿಗೆ ಹಾಕಿಕೊಂಡಿರಲಿಲ್ಲ.

ಮಾಡಿದ್ದು ಐವತ್ತೆರಡು ಮಣಿ. ಒಂಬತ್ತು ಅಚ್ಚಿಗೇ ಅಂಟಿಕೊಂಡವು, ಜೇಡಿನೀರು ಸವರುವಾಗ ಜಿಪುಣತನ ಮಾಡಿದ್ದೆ. ನಾಲ್ಕರಲ್ಲಿ ತೂತೇ ಇಲ್ಲ, ದೇಟು ವಾಲಿ ಬಿದ್ದಿತ್ತು. ಉಳಿದದ್ದನ್ನು ಚಪ್ಪಟೆ ಕಲ್ಲಿನ ಮೇಲೆ ಮರಳು, ನೀರು ಹಾಕಿ ಅಂಗೈಯಲ್ಲಿ ಹಿಂದೆ ಮುಂದೆ ಉಜ್ಜುತ್ತಾ ಕುಳಿತೆ. ಈ ಕೆಲಸದ ವಿಷಯ ಮೇಷ್ಟ್ರು ಹೇಳಿಯೇ ಇರಲಿಲ್ಲ! ಒಂದೂವರೆ ಗಂಟೆ. ಕಾಫಿ ಹಣ್ಣು ಕಿತ್ತು ಮುಗಿಸಿದ ದಿನ ಬೆರಳ ತುದಿ ಹೇಗಿರುತ್ತದೋ ಹಾಗಾಗಿತ್ತು. ಹೊರಗೆ ಬರುವಾಗ ಮಣಿಗಳಿಗೆ ಹೊಳಪೇ ಇರಲಿಲ್ಲ. ಆಕೆ ಅಂಗೈಗೆ ಒಂದು ಹನಿ ಎಣ್ಣೆ ಹಾಕಿಕೊಂಡು ಉಜ್ಜಿದಾಗ ಹಸಿರು ಮೇಲೆ ಬಂತು.

ಅಲ್ಲಿನ ಹುಡುಗಿಯರು ದೊಡ್ಡವರಾದಾಗ ಡಿಪೊ ಎಂಬ ಶಾಸ್ತ್ರ ಮಾಡುತ್ತಾರಂತೆ. ಆಗ ಸೊಂಟಕ್ಕೆ, ಕೊರಳಿಗೆ ಸಾಲು ಸಾಲು ಮಣಿ ಕಟ್ಟುತ್ತಾರೆ. ಕೆಲವು ಸರಗಳು ಅಜ್ಜಿಯಿಂದ ಬಂದವು. ಮದುವೆಯಾದ ಕೊಡವ ಹೆಂಗಸರು ಕೊರಳಿಗೆ ಹಾಕುವ ಸರ ಪತ್ತಾಕ್, ನನ್ನದರ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಆಕೆ ಚಿನ್ನದ ಪದಕದ ಮೇಲೆ ಬೆರಳಿಡದೆ ಸೀದಾ ಕರಿಮಣಿಗಳ ಮೇಲೆ ಬೆರಳಿಟ್ಟಳು. ಅವು ಎಲ್ಲಿಯವು ಎಂದು ಕೇಳಿದಳು. ಉತ್ತರ ನನಗೆ ಗೊತ್ತಿರಲಿಲ್ಲ, ವಿರಾಜಪೇಟೆಯ ಅಕ್ಕಸಾಲಿಗ ಕೊಟ್ಟದ್ದು ಎಂದೆ.

ಕುಲುಮೆಯವರೇ, ನಿಮ್ಮ ಪ್ರಶ್ನೆ ಕೇಳಿದೆ. ಒಂದು ಮಣಿಗೆ ಒಂದೇ ಬಣ್ಣದ ಬಾಟಲಿ, ಬೇರೆ ಬಣ್ಣ ಬೇಕಾದರೆ ಬಿಳಿ ಗಾಜಿನ ಪುಡಿಗೆ ಬಣ್ಣ ಬೆರೆಸುತ್ತಾರೆ. ಒರಳನ್ನೂ ಪ್ರತಿ ಸಲ ಒರೆಸುತ್ತಾರೆ. ಅಚ್ಚನ್ನು ಹೊರತೆಗೆದ ಮೇಲೆ ಮತ್ತೊಂದು ಅಚ್ಚನ್ನು ಮೇಲೆ ಮುಚ್ಚಿ ಮೂಲೆಯಲ್ಲಿಟ್ಟು ಮರೆತುಬಿಟ್ಟಂತೆ ಇರುತ್ತಾರೆ. ನಾನು ಮುಟ್ಟಲು ಹೋದಾಗ ಕೈಗೆ ಒಂದು ಏಟು ಬಿತ್ತು.

ನಿಮ್ಮ ಲಾರಿಯ ಮಾತು ಸರಿ. ನಮ್ಮ ರಸ್ತೆಯ ನಾಲ್ಕು ಹೋಂಸ್ಟೇಗಳವರನ್ನು ಭಾನುವಾರ ಕಾಫಿಗೆ ಕರೆದಿದ್ದೇನೆ. ಇಬ್ಬರು ಬರುತ್ತೇವೆ ಎಂದಿದ್ದಾರೆ, ಒಬ್ಬರು ನಮ್ಮಲ್ಲಿ ಬಾಟಲಿಯೇ ಇಲ್ಲ ಎಂದಿದ್ದಾರೆ. ಅವರ ಬೇಲಿಯ ಹಿಂದೆ ಏನಿದೆ ಎಂದು ನಾನು ನೋಡಿದ್ದೇನೆ.

ಕಾಲಿಗೆ ಗಾಜು ಚುಚ್ಚಿದ್ದ ಹೆಂಗಸಿಗೆ ಮೂರು ಮಣಿ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿ, ಇದಕ್ಕೋಸ್ಕರ ಅಷ್ಟು ದೂರ ಹೋದಿರಾ ಅಮ್ಮ ಎಂದಳು. ಮರುದಿನ ಅವಳ ಮಗಳ ಕೊರಳಲ್ಲಿ ಕಪ್ಪು ದಾರದಲ್ಲಿತ್ತು. ಎರಡೇ ಇದ್ದವು, ಮೂರನೆಯದು ಎಲ್ಲಿ ಎಂದು ಕೇಳಲಿಲ್ಲ.

ಮೇಷ್ಟ್ರೇ, ಡಿಸೆಂಬರ್‌ಗೆ ಮೊದಲು ಬಿಡುವಿದ್ದರೆ ಒಮ್ಮೆ ಈ ಕಡೆ ಬನ್ನಿ. ಕಾಫಿ ಕೊಯ್ಲು ಶುರುವಾದರೆ ನನಗೆ ಪುರುಸೊತ್ತಿರುವುದಿಲ್ಲ. ಅಚ್ಚಿಗೆ ಕುಂಬಾರರ ಮಣ್ಣು ಹೇಳಿದ್ದೇನೆ, ಗುಳಿ ಒತ್ತಲು ನಿಮ್ಮ ಕೈ ಬೇಕು. ಮರಗೆಣಸು ಹಿತ್ತಿಲಲ್ಲೇ ಇದೆ. ಕುಲುಮೆಗೆ ಇಟ್ಟಿಗೆ ಸಾಕು, ಹುತ್ತದ ವಿಷಯದಲ್ಲಿ ಬರೆದು ಕೊಟ್ಟಿದ್ದೇನಲ್ಲ.